ಳಕಾರದ ಸಾಕ್ಷಿ

ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದವರ ಮೂಗು ಬೇಗ ಸಾಯುತ್ತದೆ. ಬೆಳಗಾದರೆ ಸಾಕು, ರೇಷ್ಮೆಗೂಡು ಬೇಯಿಸುವ ಮನೆಗಳಿಂದ ಸತ್ತ ಹುಳುವಿನ ವಾಸನೆ ಬೀದಿಗೆಲ್ಲ ಹರಡುತ್ತದೆ. ಹೊರಗಿನಿಂದ ಬಂದವರು ಮೂಗಿಗೆ ಬಟ್ಟೆ ಹಿಡಿಯುತ್ತಾರೆ, ನಾವು ಅದರ ನಡುವೆಯೇ ಕೂತು ಕಾಫಿ ಕುಡಿಯುತ್ತೇವೆ. ಹೇಸಿಗೆ ಅನ್ನುವುದು ನನಗೆ ಸುಲಭಕ್ಕೆ ಬರುವುದಿಲ್ಲ ಎಂದು ತಿಳಿಸಲು ಇಷ್ಟು ಹೇಳಿದೆ. ಅಂಥ ನನಗೂ ಚಿಕ್ಕಬಳ್ಳಾಪುರದಲ್ಲಿ ನಡೆದ ಮುದ್ರಕರ ಸಂಘದ ಆ ಸಭೆಯನ್ನು ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ನನ್ನ ಹೆಸರು ವರಲಕ್ಷ್ಮಮ್ಮ. ಗೂಡಿನ ಮಾರ್ಕೆಟ್ ರಸ್ತೆಯಲ್ಲಿ ನಮ್ಮದೊಂದು ಪ್ರೆಸ್ಸು. ಮದುವೆ ಪತ್ರಿಕೆ, ತಿಥಿ ಕಾರ್ಡು, ರಸೀದಿ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನ ಪ್ರೆಸ್ಸುಗಳು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ನಮ್ಮ ಗಿರಾಕಿಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದವು. ನಾನೂ ಒಂದು ಕಂಪ್ಯೂಟರ್ ತಂದಿಟ್ಟೆ. ಆದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಕಲಿಸುವ ಸಾಫ್ಟ್‌ವೇರ್ ಬೇಕೆಂದರೆ ಕಂಪ್ಯೂಟರಿಗೆ ಕೊಟ್ಟಷ್ಟೇ ದುಡ್ಡನ್ನು ಮತ್ತೆ ಸುರಿಯಬೇಕಿತ್ತು. ಸುರಿದ ಮೇಲೂ ಅದು ನಮ್ಮದಾಗುತ್ತಿರಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಆ ಡಬ್ಬಿಗೆ ನಾವೆಲ್ಲ ಬೀಗ ಅನ್ನುತ್ತಿದ್ದೆವು. ಬೀಗ ಕೆಟ್ಟರೆ ಕನ್ನಡವೂ ಹೋಯಿತು.

ಹೀಗಿರುವಾಗ ನಮ್ಮ ಹಿಂದಿನ ಬೀದಿಯ ಹಿದಾಯತುಲ್ಲಾ ಒಂದು ಮಧ್ಯಾಹ್ನ ಫ್ಲಾಪಿ ಹಿಡಿದುಕೊಂಡು ಬಂದ. ಅವರಪ್ಪ ಖಾಜಾ ಪೀರ್ ರೇಷ್ಮೆ ನೂಲು ಬಿಚ್ಚಿಸುವವರು. ಮಗ ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಬಂದು ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಪಾಠ ಹೇಳುತ್ತಿದ್ದ.

"ಅಮ್ಮ, ಇದ್ರಲ್ಲಿ ಕನ್ನಡ ಬರುತ್ತೆ. ನಾನೇ ಬರೆದಿದ್ದು. ಹಾಕಿ ನೋಡಿ" ಅಂದ.

"ಎಷ್ಟಪ್ಪ ಇದಕ್ಕೆ?"

"ಏನೂ ಬೇಡಮ್ಮ. ಬೇರೆಯವರು ಕೇಲಿದ್ರೆ ನೀವೂ ಕಾಪಿ ಮಾಡಿ ಕೊಡಿ. ಪ್ರೋಗ್ರಾಮ್ ಹೆಂಗೆ ಬರೆದಿದೀನಿ ಅನ್ನೋದೂ ಇದ್ರೊಲಗೇ ಐತೆ. ತಪ್ಪಿದ್ರೆ ಯಾರು ಬೇಕಾದ್ರೂ ತಿದ್ಕೋಬಹುದು."

ಕೇಲಿದ್ರೆ, ಒಲಗೆ. ಉರ್ದು ಆಡುವ ಮನೆಗಳಲ್ಲಿ ಬೆಳೆದವರ ನಾಲಿಗೆಗೆ ನಮ್ಮ ಳಕಾರ ಒಗ್ಗುವುದಿಲ್ಲ, ಲಕಾರವೇ ಬರುತ್ತದೆ. ಅವರು ಹಾಳು ಅಂದರೆ ನಮಗೆ ಹಾಲು ಅಂತ ಕೇಳಿಸುತ್ತದೆ. ಇನ್ನು ಹೇಳು ಅನ್ನುವ ಮಾತು ಅವರ ಬಾಯಲ್ಲಿ ಏನಾಗುತ್ತದೆಂದು ಕನ್ನಡ ಬಲ್ಲವರಿಗೆ ಬಿಡಿಸಿ ತಿಳಿಸಬೇಕಿಲ್ಲ. ಶಾಲೆಯಲ್ಲಿ ಅವರ ಮಕ್ಕಳನ್ನು ಸುತ್ತುಗಟ್ಟಿ ಆ ಒಂದು ಮಾತನ್ನೇ ಮತ್ತೆ ಮತ್ತೆ ಆಡಿಸಿ ನಗುವುದು ನಮ್ಮ ಸೀಮೆಯ ಹಳೇ ಚಾಳಿ. ಹಾಗೆ ನಗುವ ಜನವೇ ತೆಲುಗು ಬೆರೆಸದೆ ಒಂದು ವಾಕ್ಯ ಕನ್ನಡ ಆಡಲಾರರು. ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ.

ಫ್ಲಾಪಿ ಹಾಕಿದೆ. ಕನ್ನಡ ಬಂತು. ಒತ್ತಕ್ಷರ ಕೊಂಚ ಸೊಟ್ಟಗಿತ್ತು, ಆದರೂ ಬಂತು. ಆಮೇಲೆ ಕೇಳಬೇಕೆ? ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು. ಚಿಂತಾಮಣಿಗೆ ಹೋಯಿತು, ಗೌರಿಬಿದನೂರಿಗೆ ಹೋಯಿತು, ಚಿಕ್ಕಬಳ್ಳಾಪುರಕ್ಕೆ ಹೋಯಿತು, ಮೇಲೂರಿನ ಪಂಚಾಯ್ತಿಯವರೂ ತೆಗೆದುಕೊಂಡು ಹೋದರು. ಎಲ್ಲರ ಬಾಯಲ್ಲೂ ಅದು 'ಹಿದಾಯತ್ ಫ್ಲಾಪಿ'. ಗೌರಿಬಿದನೂರಿನ ಒಬ್ಬ ಮೇಷ್ಟ್ರು ಆ ಸೊಟ್ಟ ಒತ್ತಕ್ಷರವನ್ನು ತಾವೇ ತಿದ್ದಿ ವಾಪಸ್ಸು ಕಳಿಸಿದರು. ಹಿದಾಯತ್ ಅದನ್ನು ನನಗೆ ತೋರಿಸಿ ಹಿಗ್ಗಿದ. ಅವನ ಪ್ರಕಾರ ಬೀಗ ಹಾಕದಿದ್ದರೆ ಇದೇ ಲಾಭ, ಯಾರ ಕಣ್ಣಿಗೆ ತಪ್ಪು ಬೀಳುತ್ತದೋ ಅವರೇ ತಿದ್ದುತ್ತಾರೆ.

ಅವನಿಗೇ ಕಾಣದ ಒಂದು ತಪ್ಪು ನನ್ನ ಕಣ್ಣಿಗೆ ಬಿತ್ತು. ಒಂದು ದಿನ ಅಚ್ಚು ತೆಗೆಯುತ್ತಿರುವಾಗ ಅವಸರಕ್ಕೆ ಫ್ಲಾಪಿಯನ್ನು ನಡುವೆಯೇ ಎಳೆದುಬಿಟ್ಟೆ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಮೂಡಿತು: 'ಫ್ಲಾಪಿ ಸಿಗಲಿಲ್ಲ. ಹಾಕಿ ಮತ್ತೆ ಹೇಲಿ.' ಹುಡುಗ ತನ್ನ ನಾಲಿಗೆಗೆ ಬಂದ ಹಾಗೆ ಬರೆದಿದ್ದ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಅವನನ್ನು ಕರೆಸಿ ತೋರಿಸಿದೆ. ಅವನ ಕಿವಿ ಕೆಂಪಾಯಿತು. ಅವತ್ತೇ ತಿದ್ದಿದ. ಬಸ್ಸು ಹತ್ತಿ ನಾಲ್ಕೂ ಊರು ಸುತ್ತಿ ಗುರುತಿನ ಪ್ರೆಸ್ಸಿನವರಿಗೆಲ್ಲ ಹೊಸ ಫ್ಲಾಪಿ ಕೊಟ್ಟು ಬಂದ.

ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಹೊತ್ತು ನನ್ನ ಪ್ರೆಸ್ಸಿಗೆ ಬಂದು ಕೂತು ಳಕಾರ ಕಲಿತ. ನಾಲಿಗೆ ಮಡಿಸಿ, ಕೊಳ, ಬಾಳೆ, ಕೋಳಿ, ಹೇಳಿ. ವರ್ಷ ತುಂಬುವುದರೊಳಗೆ ಅವನ ಳಕಾರ ನನ್ನದಕ್ಕಿಂತ ಖಡಕ್ಕಾಗಿತ್ತು. ಅವನ ತಾಯಿ ರಹಮತುನ್ನೀಸಾ ಒಂದು ದಿನ ಬಂದು, "ಏನ್ ಕಲಿಸಿದ್ರಿ ಅಮ್ಮ ಇವನಿಗೆ, ಮನೇಲಿ ಉರ್ದು ಮಾತಾಡೋವಾಗ್ಲೂ ನಾಲಿಗೆ ಮಡಿಸ್ತಾನೆ" ಎಂದು ನಕ್ಕರು.

ಈಗ ರಾಮಾಂಜಿನಪ್ಪನ ವಿಷಯಕ್ಕೆ ಬರುತ್ತೇನೆ. ಮಂಡಿಕಲ್ ಕಡೆಯ ದೊಡ್ಡ ಜಮೀನಿನ ಮನೆಯವನು, ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಫ್ಲಾಪಿ ಹೊಸದರಲ್ಲೇ ಹಿದಾಯತ್‌ನ ಮನೆಗೆ ಹೋಗಿ, ಇಡೀ ದಿನ ಕೂತು, ಒಂದೊಂದು ಸಾಲು ಏನು ಮಾಡುತ್ತದೆಂದು ಅವನಿಂದಲೇ ಬಿಡಿಸಿ ಹೇಳಿಸಿಕೊಂಡು, ರಹಮತುನ್ನೀಸಾ ಬಡಿಸಿದ ಊಟ ಉಂಡು, ಒಂದು ಪ್ರತಿ ಜೇಬಿಗಿಟ್ಟುಕೊಂಡು ಹೋಗಿದ್ದ. ತೊಂಬತ್ತಾರರಲ್ಲಿ ಅವನ ಅಂಗಡಿಯಿಂದ ಸ್ಕಂದಲಿಪಿ ಎಂಬ ಸಾಫ್ಟ್‌ವೇರ್ ಹೊರಬಂತು. ಡಬ್ಬದ ಮೇಲೆ ಸ್ಕಂದಗಿರಿ ಬೆಟ್ಟದ ಬಣ್ಣದ ಚಿತ್ರ, ಒಳಗೆ ಒಂದು ಫ್ಲಾಪಿ, ಒಂದು ಬೀಗ. ಹಾಕಿದರೆ ಅದೇ ಪರದೆ, ಅದೇ ಕೀಲಿಗಳು. ಹಿದಾಯತುಲ್ಲಾ ಅನ್ನುವ ಹೆಸರು ಮಾತ್ರ ಎಲ್ಲೂ ಇಲ್ಲ.

ನಾನು ಕುದ್ದುಹೋದೆ. ಹಿದಾಯತ್ ಮಾತ್ರ, "ಮಾರ್ಕೊಳ್ಳಲಿ ಬಿಡಿ ಅಮ್ಮ. ಡಬ್ಬ ಬೇಕು ಅನ್ನೋರು ಡಬ್ಬ ತಗೊಳ್ತಾರೆ" ಅಂದ. ಇಂಥ ಒಳ್ಳೆತನ ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಎರಡೇ ತಿಂಗಳು, ನಾಲ್ಕೂ ಊರಿನ ಪ್ರೆಸ್ಸುಗಳಿಗೆ ವಕೀಲರ ನೋಟಿಸು ಬಂತು. ಹಿದಾಯತ್ ಫ್ಲಾಪಿ ಅನ್ನುವುದು ಸ್ಕಂದಲಿಪಿಯ ಕಳ್ಳ ನಕಲು, ಬಳಸುವವರು ಕೂಡಲೇ ನಿಲ್ಲಿಸಿ ಡಬ್ಬ ಕೊಳ್ಳಬೇಕು, ಹಂಚುವವರ ಮೇಲೆ ಕೇಸು. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವುದನ್ನು ಗಾದೆಯಲ್ಲಿ ಕೇಳಿದ್ದೆ, ವಕೀಲರ ಸಹಿ ಹಾಕಿಸಿ ಒರೆಸುವುದನ್ನು ಅವತ್ತೇ ನೋಡಿದ್ದು. ಈಗ ಹಿದಾಯತ್ ಕೂಡ ಹೆದರಿದ. ತಾನು ಬರೆದದ್ದನ್ನು ತಾನೇ ಕೊಡುವಂತಿಲ್ಲ, ತಾನೇ ತಿದ್ದುವಂತಿಲ್ಲ, ಮೇಲೆ ಕಳ್ಳನೆಂಬ ಹೆಸರು. ತಂಗಿ ನೂರುನ್ನೀಸಾಗೆ ಗಂಡು ನೋಡುತ್ತಿದ್ದ ಸಮಯ ಬೇರೆ.

ಕೋರ್ಟಿಗೆ ಹೋಗುವ ಮೊದಲು ಸಂಘದಲ್ಲೇ ತೀರ್ಮಾನವಾಗಲಿ ಎಂದು ಅಧ್ಯಕ್ಷರಾದ ಕೋನಪ್ಪನವರು ಸಭೆ ಕರೆದರು. ಚಿಂತಾಮಣಿಯಲ್ಲಿ ಹಳೇ ಪ್ರೆಸ್ಸು ಇಟ್ಟಿದ್ದವರು, ಹಿರಿಯರು, ಎಲ್ಲರೂ ಅವರ ಮಾತಿಗೆ ಬೆಲೆ ಕೊಡುತ್ತಿದ್ದರು. ಪ್ರೋಗ್ರಾಮು ಯಾರದ್ದೆಂದು ಸಂಘ ಬರೆದುಕೊಟ್ಟರೆ ಅದಕ್ಕೆ ಒಪ್ಪುವುದಾಗಿ ರಾಮಾಂಜಿನಪ್ಪನೂ ಹೇಳಿದ್ದ. ಆ ಧೈರ್ಯ ಅವನಿಗೆ ಎಲ್ಲಿಂದ ಬಂತೆಂದು ಸಭೆ ಶುರುವಾದ ಮೇಲೆ ತಿಳಿಯಿತು.

ಹಿದಾಯತ್ ಎದ್ದು, ಪ್ರೋಗ್ರಾಮಿನ ಸಾಲುಗಳೆಲ್ಲ ತನ್ನ ಹತ್ತಿರ ಇವೆ, ಅದೇ ಸಾಕ್ಷಿ ಅಂದ.

"ನನ್ನ ಹತ್ರಾನೂ ಅವೇ ಸಾಲು ಅವೆ ಸಾಬ್ರೆ. ಹಂಚಿದ್ದು ನೀವು ಮೊದ್ಲಿರ್ಬೋದು, ಬರ್ದಿದ್ದು ನಾನು" ಅಂದ ರಾಮಾಂಜಿನಪ್ಪ.

ನಿಜ. ಪ್ರತಿ ಫ್ಲಾಪಿಯ ಜೊತೆಗೂ ಹಿದಾಯತ್‌ನೇ ಅವನ್ನು ಕೊಟ್ಟಿದ್ದ. ಬಚ್ಚಿಟ್ಟುಕೊಂಡಿದ್ದರೆ ಸಾಕ್ಷಿಯಾಗುತ್ತಿತ್ತು, ಹಂಚಿದ್ದರಿಂದ ಸಾಕ್ಷಿಯೇ ಇಲ್ಲ. ಇನ್ನೊಂದನ್ನೂ ಗಮನಿಸಿದೆ. ಅಷ್ಟು ವರ್ಷ ಎಲ್ಲರಿಗೂ ಹಿದಾಯತ್ ಆಗಿದ್ದವನು ಅವತ್ತು ಸಾಬ್ರು ಆದ.

ನನಗೆ ತಡೆಯಲಾಗಲಿಲ್ಲ. "ರಾಮಾಂಜಿನಪ್ಪ, ಹೆಪ್ಪಿಲ್ಲ ಅಂತ ಪಕ್ಕದ ಮನೆಗೆ ಹೋದ್ರೆ ಯಾರಾದ್ರೂ ದುಡ್ಡು ಕೇಳ್ತಾರೇನಪ್ಪ? ಅವನು ನಿಂಗೆ ಹೆಪ್ಪು ಕೊಟ್ಟವ್ನೆ" ಅಂದೆ.

"ಕೊಟ್ಟಿದ್ರೆ ಕೊಟ್ಟಿರ್ಲಿ ಅಕ್ಕ. ಹಾಲು ನಂದು, ಮೊಸರು ನಂದು. ಮಾರಿದ್ರೆ ತಪ್ಪೇನು?"

ಹಿದಾಯತ್ ಮೆಲ್ಲಗೆ, "ಮೊಸರು ಮಾರ್ಕೊಳ್ಳಿ ಅಣ್ಣ. ನಾನು ಬೇಡ ಅಂದಿಲ್ಲ. ಆದ್ರೆ ಹೆಪ್ಪೂ ನಿಮ್ದೇ, ಇನ್ಯಾರೂ ಹಾಲಿಗೆ ಹಾಕ್ಬಾರ್ದು ಅಂತೀರಲ್ಲ, ಅದು ಹೆಂಗೆ?" ಅಂದ.

ಸಭೆಯಲ್ಲಿ ಒಂದಷ್ಟು ತಲೆ ಅಲ್ಲಾಡಿದವು. ಆದರೆ ರಾಮಾಂಜಿನಪ್ಪ ಮಾತು ಬಲ್ಲವನು. "ಬಿಟ್ಟಿ ಕೊಟ್ಟಿದ್ದಕ್ಕೆ ಜವಾಬ್ದಾರಿ ಯಾರು ಸ್ವಾಮಿ? ನಾಳೆ ಮುಹೂರ್ತದ ಹೊತ್ತು ತಪ್ಪಾಗಿ ಅಚ್ಚಾದ್ರೆ ಯಾರ ಕೊರಳಪಟ್ಟಿ ಹಿಡಿತೀರಿ? ನಂದಾದ್ರೆ ಅಂಗಡಿ ಐತೆ, ಬಿಲ್ಲೈತೆ. ಬಂದು ಉಗೀರಿ, ಸರಿ ಮಾಡಿಕೊಡ್ತೀನಿ. ಎಲ್ರಿಗೂ ಸೇರಿದ್ದು ಅಂದ್ರೆ ಯಾರಿಗೂ ಸೇರದ್ದು" ಅಂದ. ತಲೆಗಳು ಆ ಕಡೆಗೂ ಅಲ್ಲಾಡಿದವು. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾನೂ ಹೇಳಲಾರೆ. ಆದರೆ ಜವಾಬ್ದಾರಿಯ ಬಗ್ಗೆ ಕದ್ದವನಿಂದ ಪಾಠ ಹೇಳಿಸಿಕೊಳ್ಳಬೇಕಲ್ಲ ಎಂದು ಮೈ ಉರಿಯಿತು.

ಆಗ ನನಗೆ ಹೊಳೆಯಿತು. ಇವನು ಒಯ್ದದ್ದು ಮೊದಲ ಫ್ಲಾಪಿ, ಹಿದಾಯತ್ ತಿದ್ದುವುದಕ್ಕಿಂತ ಮುಂಚಿನದು. ನಾನು ಎದ್ದು ಹೋಗಿ, ರಾಮಾಂಜಿನಪ್ಪ ತೋರಿಸುವುದಕ್ಕೆಂದು ತಂದಿಟ್ಟಿದ್ದ ಕಂಪ್ಯೂಟರಿನಲ್ಲಿ ಅವನ ಸ್ಕಂದಲಿಪಿಯನ್ನೇ ತೆರೆದೆ. ಅಚ್ಚಿಗೆ ಕೊಟ್ಟು, ನಡುವೆ ಫ್ಲಾಪಿ ಎಳೆದೆ. ಎಲ್ಲರ ಮುಂದೆ ಪರದೆಯ ಮೇಲೆ ಮೂಡಿತು: 'ಫ್ಲಾಪಿ ಸಿಗಲಿಲ್ಲ. ಹಾಕಿ ಮತ್ತೆ ಹೇಲಿ.'

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು.

"ನಕ್ಕಿದ್ದು ಸಾಕು" ಅಂದೆ. "ಮಂಡಿಕಲ್ ಕಡೆ ಯಾರಾದ್ರೂ ಹಿಂಗೆ ಬರೀತಾರಾ? ಇದು ಯಾರ ನಾಲಿಗೆ ಅಂತ ನಿಮ್ಗೆಲ್ಲಾ ಗೊತ್ತು. ಇದನ್ನ ಅವನು ಆಗ್ಲೇ ತಿದ್ದಿದ. ಕದ್ದವ್ನಿಗೆ ಓದೋಕೂ ಪುರುಸೊತ್ತಿರ್ಲಿಲ್ಲ."

ಸಾಕ್ಷಿ ಸಿಕ್ಕಿತು, ಕತೆ ಮುಗಿಯಿತು ಅಂದುಕೊಂಡಿದ್ದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ. ರಾಮಾಂಜಿನಪ್ಪ ಮುಖ ಒರೆಸಿಕೊಂಡು, "ಟೈಪಿಂಗ್ ತಪ್ಪು ಅಕ್ಕ. ಲ ಒತ್ತೋ ಕಡೆ ಳ, ಳ ಒತ್ತೋ ಕಡೆ ಲ. ಯಾರಿಗಾದ್ರೂ ಆಗ್ತದೆ. ಈ ಸಾಬ್ರು ಈಗ ತಾನೆ ಮಾತಾಡಿದ್ರಲ್ಲ, ಎಷ್ಟು ಸರಿಯಾಗಿ ಳ ಅಂತಾರೆ. ಇದು ಅವ್ರ ತಪ್ಪು ಹೆಂಗಾಗ್ತದೆ?" ಅಂದ.

ಕೋನಪ್ಪನವರು ಗಡ್ಡ ಕೆರೆದುಕೊಂಡರು. ಹಿರಿಯರು, ಊರಿಗೆ ಬುದ್ಧಿ ಹೇಳುವವರು. ಅವರ ಬಾಯಿಂದ ಬಂದ ಮಾತು ಇದು:

"ಒಂದು ಕೆಲ್ಸ ಮಾಡಣ. ಹಿದಾಯತ್, ಆ ಸಾಲು ನೀನೇ ಒಂದ್ಸಲ ಓದಪ್ಪ. ಅಲ್ಲಿರೋ ಹಂಗೇ ನಿನ್ನ ಬಾಯಲ್ಲಿ ಬಂದ್ರೆ ನಿಂದೇ ಅಂತ ಬರ್ಕೊಳ್ಳಣ."

ಹಿದಾಯತ್ ನಿಂತೇ ಇದ್ದ. ಪರದೆ ನೋಡಿದ. "ಫ್ಲಾಪಿ ಸಿಗಲಿಲ್ಲ. ಹಾಕಿ ಮತ್ತೆ ಹೇಳಿ" ಅಂದ. ನನ್ನ ಪ್ರೆಸ್ಸಿನಲ್ಲಿ ಕೂತು ಕಲಿತ ಳಕಾರ. ಗಂಟೆ ಹೊಡೆದ ಹಾಗೆ ಸ್ಪಷ್ಟ.

"ನೋಡಿದ್ರಾ" ಅಂದ ರಾಮಾಂಜಿನಪ್ಪ.

"ಹಂಗಲ್ಲಪ್ಪ" ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಮನೇಲಿ ಹೇಳೋ ಹಂಗೆ ಹೇಳು." ಇನ್ನೊಬ್ಬ, "ನಾಚ್ಕೋಬೇಡ ಕಣೋ, ಹೇಲ್ಬಿಡು" ಅಂದ. ಅದಕ್ಕೆ ಮತ್ತೆ ನಗು. ಆ ನಗುವಿನಲ್ಲಿ ಯಾರು ಯಾರಿದ್ದರೆಂದು ನೋಡಿದೆ. ಅವನ ಫ್ಲಾಪಿಯಿಂದಲೇ ವರ್ಷಗಟ್ಟಲೆ ಅನ್ನ ತಿಂದವರು. ಗೌರಿಬಿದನೂರಿನ ಆ ಮೇಷ್ಟ್ರೂ ಕರವಸ್ತ್ರ ಬಾಯಿಗಿಟ್ಟುಕೊಂಡು ಕುಲುಕುತ್ತಿದ್ದರು. ಮಾನ ಮರ್ಯಾದೆ ಇರುವ ಒಬ್ಬ ಮನುಷ್ಯನನ್ನು ನಡುವೆ ನಿಲ್ಲಿಸಿ, ಅವನ ಬದುಕಿನ ದೊಡ್ಡ ಕೆಲಸ ಅವನದೇ ಎಂದು ಒಪ್ಪಲು, ನಮ್ಮ ಮುಂದೆ ಹೇಲು ಅನ್ನು ಎಂದು ಕೇಳುತ್ತಿದ್ದರು.

ನಾನು ಅವನ ತೋಳು ಹಿಡಿದೆ. "ಬ್ಯಾಡಪ್ಪ. ಇವ್ರ ತೀರ್ಮಾನಾನೂ ಬ್ಯಾಡ, ಏನೂ ಬ್ಯಾಡ. ನಡಿ, ಮನೆಗೆ ಹೋಗಣ."

ಅವನು ಕೈ ಬಿಡಿಸಿಕೊಂಡ. ಅವನ ಮನಸ್ಸಿನಲ್ಲಿ ಏನಿತ್ತೋ. ತಂಗಿಯ ಗಂಡಿನ ಕಡೆಯವರಿದ್ದರೋ, ವಕೀಲರ ನೋಟಿಸಿತ್ತೋ, ಆ ಪ್ರೋಗ್ರಾಮನ್ನು ಬರೆಯುತ್ತಾ ಕಳೆದ ದಿನಗಳಿದ್ದವೋ. ಸಭೆಯ ಕಡೆ ತಿರುಗಿ, ಕಷ್ಟಪಟ್ಟು ಕಲಿತ ನಾಲಿಗೆಯನ್ನು ನೇರ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಅಂದ: "ಹಾಕಿ ಮತ್ತೆ ಹೇಲಿ."

ನಕ್ಕ ನಗುವಿಗೆ ಚಾವಣಿ ಹಾರಬೇಕಿತ್ತು. ಕೋನಪ್ಪನವರು ಕಣ್ಣೊರೆಸಿಕೊಳ್ಳುತ್ತಾ, ಸರಿಯಪ್ಪ, ಇದು ನಿಂದೇ, ಅನುಮಾನವೇ ಇಲ್ಲ ಎಂದು ಬರೆದುಕೊಟ್ಟರು. ರಾಮಾಂಜಿನಪ್ಪ ಸಹಿ ಹಾಕಿದ. ಅವನೂ ನಗುತ್ತಲೇ ಹಾಕಿದ. ಹೋಗುವಾಗ ಹಿದಾಯತ್‌ನ ಬೆನ್ನು ತಟ್ಟಿ, "ಗೆದ್ದಿರಿ ಬಿಡಿ ಸಾಬ್ರೆ" ಅಂದ.

ಗೆದ್ದದ್ದು ನಿಜ. ನೋಟಿಸು ಸತ್ತಿತು. ಫ್ಲಾಪಿ ಯಾರು ಬೇಕಾದರೂ ಬಳಸಬಹುದಿತ್ತು. ಆದರೆ ಶಿಡ್ಲಘಟ್ಟಕ್ಕೆ ನಮ್ಮ ಬಸ್ಸು ಮುಟ್ಟುವ ಮೊದಲೇ ಆ ಮಾತು ಮುಟ್ಟಿತ್ತು. ವಾರ ಕಳೆಯುವುದರೊಳಗೆ ಹಿದಾಯತ್ ಫ್ಲಾಪಿಯ ಹೆಸರು ಹೇಲು ಫ್ಲಾಪಿ ಅಂತಾಯಿತು. ಚಿಂತಾಮಣಿಯಲ್ಲೂ ಹಾಗೇ, ಗೌರಿಬಿದನೂರಲ್ಲೂ ಹಾಗೇ. ಅವನು ರಸ್ತೆಯಲ್ಲಿ ಬಂದರೆ ಟೀ ಅಂಗಡಿಯಲ್ಲಿ ಕೂತವರು, "ಏನ್ ಹಿದಾಯತ್, ಮತ್ತೆ ಹೇಲಪ್ಪ" ಅನ್ನುತ್ತಿದ್ದರು. ಬೈಗುಳವೂ ಅಲ್ಲ, ಜಗಳವೂ ಅಲ್ಲ, ಬರೀ ತಮಾಷೆ. ತಮಾಷೆ ಅಂದಮೇಲೆ ಯಾರನ್ನು ಹಿಡಿದು ಕೇಳುವುದು?

ರಾಮಾಂಜಿನಪ್ಪ ತನ್ನ ಮುಂದಿನ ಡಬ್ಬದಲ್ಲಿ ಆ ಸಾಲನ್ನು ತಿದ್ದಿಸಿದ. ಪ್ರೆಸ್ಸಿನವರು ಒಬ್ಬೊಬ್ಬರಾಗಿ ಸ್ಕಂದಲಿಪಿ ಕೊಂಡರು, ಬೀಗ ಸಿಕ್ಕಿಸಿಕೊಂಡರು. ಯಾಕ್ರೀ ಎಂದು ಒಬ್ಬರನ್ನು ಕೇಳಿದೆ. "ಮದ್ವೆ ಕೆಲ್ಸಕ್ಕೆ ಬರೋ ಜನ ಅಮ್ಮ, ಅಂಥ ಹೆಸರಿಂದು ಇಟ್ಕೊಂಡ್ರೆ ಶುಭವಾ?" ಅಂದರು. ಕದ್ದದ್ದು ಶುಭ, ದುಡ್ಡು ಕೊಟ್ಟು ಕದ್ದದ್ದು ಕೊಳ್ಳುವುದು ಇನ್ನೂ ಶುಭ. ಅಶುಭವೆಲ್ಲ ಒಬ್ಬ ಹುಡುಗನ ನಾಲಿಗೆಯಲ್ಲಿ. ಥೂ.

ಹಿದಾಯತ್ ನನ್ನ ಪ್ರೆಸ್ಸಿಗೆ ಬರುವುದು ಬಿಟ್ಟ. ಮುಂದಿನ ವರ್ಷ ನೂರುನ್ನೀಸಾಳ ಮದುವೆ ಗೊತ್ತಾದಾಗ ಬಂದ. ನಮ್ಮೂರಲ್ಲಿ ಅವರ ಮದುವೆ ಪತ್ರಿಕೆಗೆ ಎರಡು ಮಗ್ಗುಲು ಇರುತ್ತವೆ. ಒಂದು ಕಡೆ ಉರ್ದು, ಅದನ್ನು ಬೆಂಗಳೂರಿನಲ್ಲಿ ಬರೆಸಿ ಅಚ್ಚಿನ ಬ್ಲಾಕ್ ಮಾಡಿಸಿ ತರುತ್ತಾರೆ. ಇನ್ನೊಂದು ಕಡೆ ನಮ್ಮಂಥವರಿಗಾಗಿ ಕನ್ನಡ. ಅವನು ಬ್ಲಾಕನ್ನು ಮೇಜಿನ ಮೇಲಿಟ್ಟು ತೆಲುಗಿನಲ್ಲಿ ಮಾತಾಡಿದ.

"ಅಮ್ಮಾ, ಮಾ ಚೆಲ್ಲೆಲಿ ಪೆಂಡ್ಲಿ. ಪತ್ರಿಕಲು ಅಚ್ಚು ವೇಯಾಲ."

ತಂಗಿಯ ಮದುವೆ, ಪತ್ರಿಕೆ ಅಚ್ಚು ಹಾಕಬೇಕು ಅಂತ. ಅವನು ಹುಟ್ಟಿದಾಗಿನಿಂದ ಕಂಡವಳು ನಾನು, ನನ್ನ ಹತ್ತಿರ ಅವನು ಒಂದು ದಿನವೂ ತೆಲುಗು ಆಡಿರಲಿಲ್ಲ. ಆಮೇಲೆ ಗೊತ್ತಾಯಿತು, ಪಾಠ ಇಂಗ್ಲಿಷಿನಲ್ಲಿ, ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು. ಕನ್ನಡವನ್ನು ಅವನು ಬಾಯಿಂದ ಪೂರ್ತಿ ತೆಗೆದುಹಾಕಿದ್ದ.

"ಕನ್ನಡದ ಕಡೆಗೆ ಏನ್ ಹಾಕ್ಲಪ್ಪ?" ಅಂದೆ.

"ಆ ಪಕ್ಕ ಖಾಲೀಗಾ ವದಿಲೇಯಂಡಿ" ಅಂದ. ಆ ಕಡೆ ಖಾಲಿ ಬಿಡಿ.

ಬಿಟ್ಟೆ. ನಾಲ್ಕು ಊರಿನ ಕಂಪ್ಯೂಟರುಗಳಿಗೆ ಕನ್ನಡ ಕೊಟ್ಟವನ ಮನೆಯ ಪತ್ರಿಕೆ ಅರ್ಧ ಬೋಳಾಗಿ ನನ್ನ ಪ್ರೆಸ್ಸಿನಿಂದಲೇ ಹೊರಗೆ ಹೋಯಿತು. ಖಾಜಾ ಪೀರ್ ಹಳೇ ಪರಿಚಯವೆಂದು ಕೋನಪ್ಪನವರಿಗೂ ಒಂದು ಕಳಿಸಿದ್ದರು. ಅವರು ನನಗೆ ಫೋನ್ ಮಾಡಿದರು.

"ಏನ್ರಮ್ಮ ವರಲಕ್ಷ್ಮಮ್ಮ, ಪತ್ರಿಕೆ ಒಂದು ಮಗ್ಗುಲು ಅಚ್ಚೇ ಬಿದ್ದಿಲ್ಲ. ಮಿಷನ್ ಕೆಟ್ಟಿತ್ತಾ?"

"ಮಿಷನ್ ಚೆನ್ನಾಗೈತೆ" ಅಂದೆ. "ಆ ಹುಡುಗನ ಕನ್ನಡಾನ ಅವತ್ತು ಸಭೇಲಿ ನೀವೆಲ್ಲ ಕೇಳಿ ಮುಗಿಸಿದ್ರಲ್ಲ. ಇನ್ನೇನ್ ಹಾಕ್ಸೋದು?"

ಈಗಾದರೂ ನಾಚಿಕೆಯಾಗುತ್ತದೆ ಅಂದುಕೊಂಡೆ.

"ಯಾವ ಸಭೆಯಮ್ಮ?" ಅಂದರು ಕೋನಪ್ಪನವರು. ನಾಟಕವಾಡುತ್ತಿರಲಿಲ್ಲ. ಅವರು ನಿಜವಾಗಿಯೂ ಮರೆತಿದ್ದರು.